ಕಮಲಾದೇವಿ ಚಟ್ಟೋಪಾಧ್ಯಾಯ ಅವರ ರಂಗ ಹಾಗೂ ಚಿತ್ರ ಜೀವನ

ಕಮಲಾದೇವಿ ಚಟ್ಟೋಪಾಧ್ಯಾಯ (3 ಏಪ್ರಿಲ್ 1903 – 29 ಅಕ್ಟೋಬರ್ 1988) ಮಂಗಳೂರಿನಲ್ಲಿ ಜನಿಸಿದ ಸ್ವಾತಂತ್ರ್ಯ ಹೋರಾಟಗಾರ್ತಿ ಹಾಗೂ ಕಲಾವಿದೆ. ಭಾರತದ ಕರಕುಶಲ ಕಲೆಗಳ ಪುನರುಜ್ಜೀವನಕ್ಕಾಗಿ ಅವರು ಹೆಸರಾಗಿದ್ದಾರೆ. ನಟಿಯಾಗಿ ಅವರು ಮಾಡಿದ ಕೆಲಸ ಅಷ್ಟಾಗಿ ಪರಿಚಿತವಲ್ಲ.

ಹಿನ್ನೆಲೆ

ಕಮಲಾದೇವಿಯವರದು ಸಾರಸ್ವತ ಬ್ರಾಹ್ಮಣ ಕುಟುಂಬ. ತಂದೆ ಅನಂತಯ್ಯ ಧಾರೇಶ್ವರ ಸರ್ಕಾರಿ ಅಧಿಕಾರಿಯಾಗಿದ್ದರು. ತಾಯಿ ಗಿರಿಜಾಬಾಯಿ ವಿದ್ಯಾವಂತೆ. ಕಮಲಾದೇವಿ ಏಳು ವರ್ಷದವರಿದ್ದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನ ಪಾಲಾಯಿತು. ತಮಗೆ ನಿಗದಿಯಾದ ಮಾಸಾಶನವನ್ನು ಗಿರಿಜಾಬಾಯಿ ನಿರಾಕರಿಸಿದರು. 1917ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ ಮದುವೆಯಾದ ಕಮಲಾದೇವಿ ಎರಡೇ ವರ್ಷಗಳಲ್ಲಿ ವಿಧವೆಯಾದರು. ಬಳಿಕ ಮದರಾಸಿನ ಕ್ವೀನ್ ಮೇರಿಸ್ ಕಾಲೇಜಿನಲ್ಲಿ ಓದುತ್ತಿದ್ದಾಗ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹಾಗೂ ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಸಂಪ್ರದಾಯಸ್ಥರ ವಿರೋಧದ ನಡುವೆಯೂ ಇಬ್ಬರೂ ವಿವಾಹವಾದರು. ಈ ದಾಂಪತ್ಯ ಮುಂದೆ ವಿಚ್ಛೇದನದಲ್ಲಿ ಕೊನೆಗೊಂಡಿತು.

ರಂಗಭೂಮಿ

ವಿವಾಹಾನಂತರ ದಂಪತಿಗಳು ಜೊತೆಯಾಗಿ ನಾಟಕಗಳನ್ನು ಪ್ರದರ್ಶಿಸಿದರು. ಆ ಕಾಲದಲ್ಲಿ ಕರಾವಳಿಯ ಯಕ್ಷಗಾನದಲ್ಲಿ ಸ್ತ್ರೀವೇಷಗಳನ್ನು ಗಂಡಸರೇ ಧರಿಸುತ್ತಿದ್ದರು. ವೃತ್ತಿನಾಟಕ ಕಂಪನಿಗಳಲ್ಲಿಯೂ ಅದೇ ರೂಢಿ ಬಹಳ ಕಾಲ ನಡೆದುಬಂದಿತ್ತು; ಬಣ್ಣ ಹಚ್ಚಿದ ಕೆಲವೇ ಸ್ತ್ರೀಯರಿಗೆ ಸಮಾಜದ ಮನ್ನಣೆಯಿರಲಿಲ್ಲ. ಹೀಗಿರುವಾಗ ಪ್ರತಿಷ್ಠಿತ ಮನೆತನದ, ಅದರಲ್ಲೂ ಮರುವಿವಾಹಿತೆಯೊಬ್ಬರು ರಂಗವೇರಿದ್ದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಚಲನಚಿತ್ರ

ಶೂದ್ರಕನ ಸಂಸ್ಕೃತ ನಾಟಕ 'ಮೃಚ್ಛಕಟಿಕ'ವನ್ನು ಆಧರಿಸಿ ಮೋಹನ್ ಭವನಾನಿ ನಿರ್ದೇಶಿಸಿದ ಮೂಕಿಚಿತ್ರ 'ವಸಂತಸೇನಾ'ದಲ್ಲಿ (1931) ಕಮಲಾದೇವಿ ಅಭಿನಯಿಸಿದರು. 'ಶಿರಾಜ್' (1928) ಚಿತ್ರದ ನಟಿ ಏಣಾಕ್ಷಿ ರಾಮರಾವ್ ಅವರೂ ಇದರಲ್ಲಿದ್ದರು. ಕರ್ನಾಟಕದ ಚಿತ್ರರಂಗದ ಆರಂಭಕಾಲವನ್ನು ಕುರಿತ ಬರಹಗಳಲ್ಲಿ ಈ ಚಿತ್ರದ ಉಲ್ಲೇಖವಿರುತ್ತದೆ. ಗಮನಿಸಬೇಕಾದುದೆಂದರೆ, ಅಷ್ಟರಲ್ಲಾಗಲೇ ಅವರು ರಾಷ್ಟ್ರಮಟ್ಟದ ರಾಜಕಾರಣಿ. 1926ರಲ್ಲಿ ಮದರಾಸು ಶಾಸನ ಪರಿಷತ್ತಿಗೆ ಮಂಗಳೂರಿನಿಂದ ಸ್ಪರ್ಧಿಸಿ ಕೇವಲ 55 ಮತಗಳಿಂದ ಸೋತಿದ್ದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯ ಷೇರುಪೇಟೆಯೊಳಗೆ ಉಪ್ಪಿನ ಪೊಟ್ಟಣ ಮಾರಹೊರಟು ಬಂಧನಕ್ಕೊಳಗಾಗಿದ್ದರು.

ವಾಕ್ಚಿತ್ರಗಳ ಕಾಲದಲ್ಲಿ ಅವರು ಹಿಂದಿಯ 'ತಾನ್‌ಸೇನ್' (1943), 'ಶಂಕರ ಪಾರ್ವತಿ' (1943) ಹಾಗೂ 'ಧನ್ನಾ ಭಗತ್' (1945) ಚಿತ್ರಗಳಲ್ಲಿ ಕಾಣಿಸಿಕೊಂಡರು. ಇವುಗಳಲ್ಲಿ 'ತಾನ್‌ಸೇನ್' ಕೆ. ಎಲ್. ಸೈಗಲ್ ಹಾಗೂ ಖುರ್ಷಿದ್ ಅವರ ಹಾಡುಗಳಿಂದ ಇಂದಿಗೂ ನೆನಪಿನಲ್ಲಿದೆ.

ನಂತರದ ಕಾರ್ಯ

ಅಭಿನಯವನ್ನು ಬಿಟ್ಟರೂ ಅವರು ರಂಗಭೂಮಿಯನ್ನು ಬಿಡಲಿಲ್ಲ. ಕೇರಳದ ಕೂಡಿಯಾಟ್ಟವನ್ನು ಮಾಣಿ ಮಾಧವ ಚಾಕ್ಯಾರರಲ್ಲಿ ಅಭ್ಯಸಿಸಿದರು. ಅವರು ಮುನ್ನಡೆಸಿದ ಭಾರತೀಯ ನಾಟ್ಯ ಸಂಘವು ದೆಹಲಿಯಲ್ಲಿ ತೆರೆದ ಏಷ್ಯನ್ ಥಿಯೇಟರ್ ಇನ್‌ಸ್ಟಿಟ್ಯೂಟ್, 1959ರಲ್ಲಿ ಆರಂಭವಾದ ರಾಷ್ಟ್ರೀಯ ನಾಟಕ ಶಾಲೆಯ ಪೂರ್ವರೂಪ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷತೆ ವಹಿಸಿದ ಮೇಲೆ ಅವರ ಹೆಸರು ಕುಶಲಕಲೆಗಳೊಂದಿಗೇ ಬೆಸೆದುಕೊಂಡು, ನಟಿಯ ಪರಿಚಯ ಹಿಂದೆ ಸರಿಯಿತು. 1966ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. 'ಇನ್ನರ್ ರಿಸೆಸಸ್, ಔಟರ್ ಸ್ಪೇಸಸ್' (1986) ಅವರ ಆತ್ಮಕಥನ.