ಲಡಾಖ್‌ನಿಂದ ಆಲ್ಪ್ಸ್‌ವರೆಗೆ: ಬೆಟ್ಟದ ವಸತಿಗೃಹಗಳಲ್ಲಿ ನೀರು ಉಳಿಸುವ ವಿನ್ಯಾಸಗಳಿವು

'ದಯವಿಟ್ಟು ನೀರನ್ನು ಮಿತವಾಗಿ ಬಳಸಿ'. ಬೆಟ್ಟದೂರಿನ ಹೋಟೆಲ್‌ಗಳ ಬಾತ್‌ರೂಮ್‌ನಲ್ಲಿ ಇಂಥ ಫಲಕವನ್ನು ನೀವೂ ನೋಡಿರಬಹುದು. ಆದರೆ ಫಲಕ ಓದಿದ ಮಾತ್ರಕ್ಕೆ ಎಲ್ಲರೂ ಷವರ್ ಬೇಗ ನಿಲ್ಲಿಸುವುದಿಲ್ಲ. ನಲ್ಲಿ, ಶೌಚಾಲಯ, ಸ್ನಾನದ ಕೋಣೆಯ ವಿನ್ಯಾಸವೇ ನೀರು ಉಳಿಸುವಂತಿದ್ದರೆ ಉಪದೇಶ ಬೇಕಾಗುವುದಿಲ್ಲ. ಅಂಥ ಕೆಲವು ಉದಾಹರಣೆಗಳು ಇಲ್ಲಿವೆ.

ಲಡಾಖ್‌ನಲ್ಲಿ ನೀರೇಕೆ ದುಬಾರಿ?

ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲೇಹ್ ಶೀತ ಮರುಭೂಮಿ. ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ ಬೀಳುವುದು ಸುಮಾರು 100 ಮಿ.ಮೀ. ಮಾತ್ರ. ಹಿಮ ಕರಗಿ ಬರುವ ತೊರೆಗಳೇ ಇಲ್ಲಿನ ಬಾರ್ಲಿ ಹೊಲಗಳಿಗೆ ಆಧಾರ. ಪ್ರವಾಸಿಗರು ಹೆಚ್ಚಿದಂತೆ ಹೋಟೆಲ್‌, ಗೆಸ್ಟ್‌ಹೌಸ್‌ಗಳು ಬೋರ್‌ವೆಲ್ ಕೊರೆಸಿದವು. ಫ್ಲಶ್ ಶೌಚಾಲಯದ ಕೊಳಚೆ ಗುಂಡಿಗಳಿಂದ ಇಂಗಿ ಅದೇ ಅಂತರ್ಜಲವನ್ನು ಸೇರುವ ಅಪಾಯವೂ ಇದೆ.

ಸಲಿಕೆಯೇ ಫ್ಲಶ್

ಲಡಾಖ್‌ನ ಸಾಂಪ್ರದಾಯಿಕ ಒಣ ಶೌಚಾಲಯಕ್ಕೆ ಎರಡು ಅಂತಸ್ತು. ಮೇಲಿನ ಕೋಣೆಯ ನೆಲದಲ್ಲಿ ರಂಧ್ರ, ಪಕ್ಕದಲ್ಲಿ ಮಣ್ಣಿನ ರಾಶಿ ಮತ್ತು ಸಲಿಕೆ. ಬಳಸಿದ ಮೇಲೆ ಮಣ್ಣು ಅಥವಾ ಬೂದಿ ಹಾಕಿದರಾಯಿತು. ಕೆಳಗಿನ ಕೋಣೆಯಲ್ಲಿ ತಯಾರಾದ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಹಳೆಯ ಮಾದರಿಯ ಫ್ಲಶ್‌ಗೆ ಒಮ್ಮೆಗೆ ಸುಮಾರು 10 ಲೀಟರ್ ಬೇಕು. ಇಲ್ಲಿ ಫ್ಲಶ್‌ಗೆ ಹನಿ ನೀರೂ ಬೇಡ. ಚಳಿಗಾಲದಲ್ಲಿ ಪೈಪ್ ಹೆಪ್ಪುಗಟ್ಟಿದರೂ ತೊಂದರೆಯಿಲ್ಲ.

ತಳ ಕಾಣುವ ಬಕೆಟ್

ಒಂದು ಬಕೆಟ್ ನೀರೆಂದರೆ 15ರಿಂದ 20 ಲೀಟರ್. ನಿಮಿಷಕ್ಕೆ 8 ಲೀಟರ್ ಸುರಿಸುವ ಷವರ್ ಕೆಳಗೆ ಹತ್ತು ನಿಮಿಷ ನಿಂತರೆ 80 ಲೀಟರ್ ಖಾಲಿ. ಷವರ್‌ನಲ್ಲಿ ಎಷ್ಟು ಹರಿಯಿತೆಂದು ತಿಳಿಯುವುದಿಲ್ಲ, ಬಕೆಟ್‌ನಲ್ಲಿ ಉಳಿದದ್ದು ಎದುರಿಗೇ ಕಾಣುತ್ತದೆ.

ಇದೇ ತತ್ವವನ್ನು ಸ್ವಿಟ್ಜರ್ಲೆಂಡ್‌ನ ಸಂಶೋಧಕರು 6 ಹೋಟೆಲ್‌ಗಳಲ್ಲಿ ಪರೀಕ್ಷಿಸಿದರು. ಎಷ್ಟು ನೀರು ಖರ್ಚಾಯಿತೆಂದು ಸ್ನಾನದ ವೇಳೆಯೇ ತೋರಿಸುವ ಪುಟ್ಟ ಪರದೆಯನ್ನು ಷವರ್‌ಗೆ ಅಳವಡಿಸಿದರು. ನೀರಿಗೆ ಬಿಲ್ ಇರಲಿಲ್ಲ, ಉಳಿಸಿದವರಿಗೆ ಬಹುಮಾನವೂ ಇರಲಿಲ್ಲ. ಆದರೂ ಸ್ನಾನಕ್ಕೆ ತಗಲುವ ಇಂಧನದ ಬಳಕೆ ಶೇ 11.4ರಷ್ಟು ಇಳಿಯಿತು.

ಫಲಕದ ಮಾತು ಬದಲಾದರೆ?

ಟವೆಲ್ ಮರುಬಳಕೆ ಕುರಿತ ಅಮೆರಿಕದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. 'ಪರಿಸರ ಉಳಿಸಿ' ಎಂಬ ಫಲಕಕ್ಕೆ ಸುಮಾರು ಶೇ 35ರಷ್ಟು ಅತಿಥಿಗಳು ಸ್ಪಂದಿಸಿದರೆ, 'ಹೆಚ್ಚಿನ ಅತಿಥಿಗಳು ಟವೆಲ್ ಮರುಬಳಸುತ್ತಾರೆ' ಎಂಬ ಫಲಕಕ್ಕೆ ಶೇ 44ರಷ್ಟು ಮಂದಿ ಸ್ಪಂದಿಸಿದರು. ಟವೆಲ್ ಒಗೆಯುವುದು ಕಡಿಮೆಯಾದಷ್ಟೂ ನೀರು ಉಳಿಯುತ್ತದೆ.

ಒಮ್ಮೆ ಬಳಸಿದ ನೀರು ಮತ್ತೊಮ್ಮೆ

ಸ್ವಿಸ್ ಆಲ್ಪ್ಸ್‌ನಲ್ಲಿ 2,883 ಮೀಟರ್ ಎತ್ತರದಲ್ಲಿರುವ ಮಾಂಟೆ ರೋಸಾ ವಸತಿಗೃಹವನ್ನು 2009ರಲ್ಲಿ ಹೊಸದಾಗಿ ಕಟ್ಟಲಾಯಿತು. ಹಿಮ ಕರಗುವ ಕಾಲದಲ್ಲಿ ನೀರನ್ನು ಸಂಗ್ರಹಿಸಿ ಇಡೀ ಋತುವಿಗೆ ಬಳಸಲಾಗುತ್ತದೆ. ಕೊಳಚೆ ನೀರನ್ನು ಅಲ್ಲೇ ಶುದ್ಧೀಕರಿಸಿ ಫ್ಲಶ್‌ಗೆ ಮರುಬಳಸುವ ವ್ಯವಸ್ಥೆಯಿದೆ.

ನೀವು ಲಡಾಖ್‌ಗೆ ಹೊರಟಿದ್ದರೆ

* ಬುಕಿಂಗ್ ಮಾಡುವಾಗಲೇ ಒಣ ಶೌಚಾಲಯ ಇದೆಯೇ ಎಂದು ಕೇಳಿ.
* ಷವರ್ ಇದ್ದರೂ ಬಕೆಟ್ ಕೇಳಿ ಪಡೆಯಿರಿ.
* ಒಣ ಶೌಚಾಲಯದೊಳಗೆ ಪ್ಲಾಸ್ಟಿಕ್, ಸ್ಯಾನಿಟರಿ ಪ್ಯಾಡ್ ಹಾಕಬೇಡಿ. ಅಲ್ಲಿನ ಗೊಬ್ಬರ ಸೇರುವುದು ಯಾರದೋ ಹೊಲಕ್ಕೆ.