ಓರೆಗೆ ಕೊಯ್ದು ಮೂಲೆ ಕೂಡಿಸಿದ ಊರು

1897ರ ಫೆಬ್ರವರಿ ಕೊನೆ. ಮೈಸೂರು ಅರಮನೆಯಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಡಗರ. ಆ ಸಡಗರದ ನಡುವೆಯೇ ಬೆಂಕಿ ಹೊತ್ತಿಕೊಂಡು ಹಳೆಯ ಮರದ ಅರಮನೆ ಸುಟ್ಟುಹೋಯಿತು. ಅದೇ ವರ್ಷ ಹೊಸದಕ್ಕೆ ಕೈಹಾಕಿದರು. ಹೆನ್ರಿ ಇರ್ವಿನ್ ನಕ್ಷೆ ಬರೆದರು, ಕೆಲಸ 1912ರಲ್ಲಿ ಮುಗಿಯಿತು, ಖರ್ಚು 41 ಲಕ್ಷ ರೂಪಾಯಿ ದಾಟಿತು. ಈ ಸಲ ಭಾರ ಹೊರುವ ಕೆಲಸವೆಲ್ಲ ಕಲ್ಲು, ಇಟ್ಟಿಗೆ, ಕಬ್ಬಿಣದ ಪಾಲಾಯಿತು. ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು.

ಹಾಗೆಂದು ಮರವೇನೂ ಅರಮನೆ ಬಿಟ್ಟು ಹೊರಡಲಿಲ್ಲ. ಕಂಬ ತೊಲೆಗಳಿಂದ ಇಳಿದು ಬಾಗಿಲಿಗೆ, ಚೌಕಟ್ಟಿಗೆ, ಪೀಠೋಪಕರಣಕ್ಕೆ ಬಂತು. ಅರಮನೆಯ ಅಂಬಾವಿಲಾಸ ಸಭಾಂಗಣದ ಬೀಟೆಮರದ ಬಾಗಿಲಲ್ಲಿ ದಂತದ ಕುಸುರಿಯನ್ನು ಇವತ್ತಿಗೂ ನೋಡಬಹುದು. ತೊಲೆಗೆ ಬೇಕಾದದ್ದು ಬಲ; ಚೌಕಟ್ಟಿಗೆ ಬೇಕಾದದ್ದು ಮೂಲೆ. ಬಡಗಿಯ ಕಣ್ಣು, ಕೈ ಎರಡೂ ಪರೀಕ್ಷೆಗೆ ನಿಲ್ಲುವುದು ಆ ಮೂಲೆಯಲ್ಲೇ.

ಅರಮನೆಯ ಹೊರಗೂ ಮೂಲೆಯ ಕೆಲಸ ಹೆಚ್ಚುತ್ತಿತ್ತು. 1894ರಲ್ಲಿ ರವಿವರ್ಮ ಬೊಂಬಾಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಚಿತ್ರಗಳು ಸಾಮಾನ್ಯರ ಮನೆಗೂ ಬಂದವು. ಪಟ ಕೊಂಡರೆ ಸಾಲದು, ಕಟ್ಟು ಹಾಕಿಸಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರು ಶೈಲಿಯ ಚಿತ್ರಕ್ಕಂತೂ ಚಿನ್ನದ ಹಾಳೆ ಹಚ್ಚಿದ ಉಬ್ಬುಕೆಲಸವಿರುತ್ತದೆ. ದೂಳು, ಬೆರಳು ತಾಗದಂತೆ ಅದನ್ನು ಗಾಜಿನ ಹಿಂದೆ ಇಡಲೇಬೇಕು. 1906ರಲ್ಲಿ ಬ್ರಿಟನ್ನಿನ ಯುವರಾಜ, ಮುಂದೆ ಐದನೆಯ ಜಾರ್ಜ್ ಆದವರು, ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿಗೆ ಅಡಿಗಲ್ಲು ಇಟ್ಟರು. ಮನೆತನದಿಂದ ಬರುತ್ತಿದ್ದ ಕಸುಬು ಶಾಲೆಯ ಪಾಠವೂ ಆಯಿತು.

ಕಟ್ಟಿನ ಲೆಕ್ಕ ಕೇಳಲು ಸುಲಭ. ನಾಲ್ಕು ಪಟ್ಟಿ, ನಾಲ್ಕು ಮೂಲೆ, ಎಂಟು ಕೊಯ್ತ, ಪ್ರತಿಯೊಂದೂ 45 ಡಿಗ್ರಿ. ಎಂಟೂ ಕಡೆ ಅರ್ಧರ್ಧ ಡಿಗ್ರಿ ತಪ್ಪಿದರೆ ಮೊದಲ ಮೂರು ಮೂಲೆಗಳನ್ನು ಹೇಗೋ ಒತ್ತಿ ಕೂಡಿಸಬಹುದು, ಕೊನೆಯ ಮೂಲೆ 4 ಡಿಗ್ರಿ ಬಾಯಿ ಬಿಡುತ್ತದೆ. ಎದುರುಬದುರಿನ ಪಟ್ಟಿಗಳ ಉದ್ದ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅಷ್ಟೇ ಕಷ್ಟ. ಎಂಟು ಮೂಲೆಯ ಪೆಟ್ಟಿಗೆಯಾದರೆ ಹದಿನಾರು ಕೊಯ್ತ, ಒಂದೊಂದೂ 22.5 ಡಿಗ್ರಿ. ಮರದ ಪುಡಿಗೆ ಅಂಟು ಕಲಸಿ ಸಂದಿಗೆ ತುಂಬಿ ಪಾಲಿಶ್ ಹೊಡೆದರೆ ಅಂಗಡಿಯಲ್ಲಿ ಗೊತ್ತಾಗದಿರಬಹುದು. ಒಂದು ಬೇಸಗೆ ಕಳೆದು ಮರ ಒಣಗಿತೆಂದರೆ ಗೆರೆ ಎದ್ದು ಕಾಣುತ್ತದೆ.

ಈ ಲೆಕ್ಕವನ್ನು ಕೈಗೆ ಕಲಿಸಿದ್ದು ಮೂರು ಹಲಗೆಯ ಒಂದು ಸಾದಾ ಪೆಟ್ಟಿಗೆ, ಮೈಟರ್ ಬಾಕ್ಸ್. ಅಡಿಗೊಂದು ಹಲಗೆ, ಅಕ್ಕಪಕ್ಕಕ್ಕೆ ಎರಡು, ಪಕ್ಕದ ಹಲಗೆಗಳಲ್ಲಿ ಓರೆಯಾಗಿ ಸೀಳಿದ ಗಂಡಿ. ಪಟ್ಟಿಯನ್ನು ಆಚೆಯ ಗೋಡೆಗೆ ಒತ್ತಿ ಹಿಡಿದು ಗರಗಸವನ್ನು ಗಂಡಿಯಲ್ಲಿ ಇಳಿಸಿದರೆ ಅದು ಆ ದಾರಿ ಬಿಟ್ಟು ಹೊರಳುವುದಿಲ್ಲ. ಮರ ಗೋಡೆಗೆ ಒರಗಿ ಅಲುಗಾಡದೆ ಕೂತಿರುತ್ತದೆ, ಹಲ್ಲು ಗಂಡಿಯೊಳಗೆ ಓಡುತ್ತದೆ, ಹಿಡಿದ ಕೈ ಗಂಡಿಯಿಂದ ದೂರವಿರುತ್ತದೆ. ನಿಖರತೆ, ಸುರಕ್ಷತೆ ಎರಡೂ ಒಂದೇ ಏರ್ಪಾಟಿನಲ್ಲಿ ಸಿಕ್ಕವು. ಕೊನೆಯ ನಾಲ್ಕು ಎಳೆತವನ್ನು ಮೆಲ್ಲಗೆ ಎಳೆಯಬೇಕು, ಅವಸರಪಟ್ಟರೆ ಬೀಟೆಯ ಅಂಚು ಸಿಬಿರೇಳುತ್ತದೆ. ಆಮೇಲೆ ಬಿಸಿ ಮರವಜ್ರ ಹಚ್ಚಿ, ದಾರ ಬಿಗಿದು, ಮೂಲೆಮಟ್ಟ ಇಟ್ಟು ನೋಡುವುದು.

ಮೈಸೂರಿನ ಬೀಟೆ ಕುಸುರಿಗೆ 2005-06ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಷ್ಟರೊಳಗೆ ಕಸುಬಿನ ಸಾಮಗ್ರಿಯೇ ಬದಲಾಗಿತ್ತು. 1986ರ ವನ್ಯಜೀವಿ ಕಾನೂನಿನ ತಿದ್ದುಪಡಿ ದಂತದ ವ್ಯಾಪಾರಕ್ಕೆ ತಡೆ ಹಾಕಿತು. ಬಿಳಿ ಚೂರಿನ ಜಾಗಕ್ಕೆ ಪ್ಲಾಸ್ಟಿಕ್, ತಿಳಿಬಣ್ಣದ ಮರ ಬಂದವು. ಹಳದಿಗೆ ಹಲಸು ಮೊದಲಿಂದಲೂ ಇತ್ತು. ಆನೆಯ ಮಟ್ಟಿಗೆ ದಂತದ ತಡೆ ಆಗಲೇಬೇಕಿದ್ದ ಕೆಲಸ, ಕಸುಬಿಗೂ ಅದರಿಂದ ಕೇಡಾಗಲಿಲ್ಲ. ಕಾಗದದ ಮೇಲೆ ಚಿತ್ರ ಬರೆದು, ತೆಳು ಮರಕ್ಕೆ ಅಂಟಿಸಿ, ನೂಲಿನಂಥ ಗರಗಸದಲ್ಲಿ ಕೊಯ್ದು, ಬೀಟೆ ಹಲಗೆಯನ್ನು ಉಳಿಯಿಂದ ಅಷ್ಟೇ ಆಳಕ್ಕೆ ತೋಡಿ ಕೂರಿಸುವ ಕ್ರಮ ಈಗಲೂ ಕೈಯದೇ.

ಚೌಕಟ್ಟಿನ ಕೆಲಸ ಮಾತ್ರ ಯಂತ್ರಕ್ಕೆ ಹೋಗಿದೆ. ಅಮೆರಿಕದಲ್ಲಿ 1960ರ ದಶಕದಲ್ಲಿ ಹುಟ್ಟಿದ ವಿದ್ಯುತ್ ಮೈಟರ್ ಗರಗಸ ಈಗ ಸಣ್ಣ ಮರಗೆಲಸದ ಅಂಗಡಿಗಳಲ್ಲೂ ಇದೆ. ಕೈಗರಗಸಕ್ಕೆ ಹೊತ್ತು ಹಿಡಿಯುವ ಕೊಯ್ತ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ, ಬೆರಳು ಹೋಗುವುದಕ್ಕೂ ಅಷ್ಟು ಹೊತ್ತು ಬೇಡ. ಓರೆ ಕೊಯ್ತದಲ್ಲಿ ಬ್ಲೇಡು ಪಟ್ಟಿಯನ್ನು ಪಕ್ಕಕ್ಕೆ ಎಳೆಯುತ್ತದೆ. ಹಾಗಾಗಿ ಕೈಯನ್ನೇ ನಂಬದೆ ಪಟ್ಟಿಯನ್ನು ಹಿಂದಿನ ಆನಿಕೆಗೆ ಒತ್ತಿ ಕ್ಲ್ಯಾಂಪ್ ಹಾಕಬೇಕು. ಬಾಗಿದ ಪಟ್ಟಿಯ ಉಬ್ಬುಬದಿ ಆನಿಕೆಗೆ ತಾಗಿರಬೇಕು. ತಿರುಗಿಸಿಟ್ಟರೆ ಕೊಯ್ದ ಸಂದಿ ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ. ಬ್ಲೇಡಿನಿಂದ ಗೇಣುದ್ದದೊಳಗೆ ಬೆರಳು ಬರಕೂಡದು, ತುಂಡು ಅಷ್ಟು ಗಿಡ್ಡವಾಗಿದ್ದರೆ ಅದನ್ನು ಕೈಯಲ್ಲಿ ಹಿಡಿದು ಕೊಯ್ಯುವಂತಿಲ್ಲ. ಕೈಗವಸು ಬೇಡ, ಹಲ್ಲು ಅದನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು. ಬೀಟೆಯ ಹೊಟ್ಟು ಕೆಲವರಿಗೆ ಉಬ್ಬಸ, ತುರಿಕೆ ತರುತ್ತದೆ. ಬ್ಲೇಡು ಬದಲಿಸುವಾಗ ಪ್ಲಗ್ ಕಿತ್ತಿಡಬೇಕು.

ಹೊಸಬರು ಹೆಚ್ಚಾಗಿ ಎಡವುವುದು ಕೊಯ್ತ ಮುಗಿದ ಮೇಲೆ. ಮುಕ್ಕೋನದ ಸಣ್ಣ ಚೂರು ಬ್ಲೇಡಿನ ಪಕ್ಕದಲ್ಲೇ ಬಿದ್ದಿರುತ್ತದೆ, ಕೈ ತಾನಾಗಿ ಅದರತ್ತ ಹೋಗುತ್ತದೆ. ಸ್ವಿಚ್ ಬಿಟ್ಟು, ಗರಗಸದ ತಲೆಯನ್ನು ಕೆಳಗೇ ಒತ್ತಿ ಹಿಡಿದು, ಬ್ಲೇಡು ಪೂರ್ತಿ ನಿಂತ ಮೇಲೆ ಎತ್ತಬೇಕು. ಚೂರನ್ನು ತೆಗೆಯುವುದು ಆಮೇಲೆ. ಬೀಟೆಯಾದರೆ ಆ ಚೂರನ್ನು ಯಾರೂ ಎಸೆಯುವುದಿಲ್ಲ, ಕುಸುರಿಯಲ್ಲಿ ಹಕ್ಕಿಯ ರೆಕ್ಕೆಗೋ ಮರದ ಕಾಂಡಕ್ಕೋ ಬಂದೀತೆಂದು ಡಬ್ಬಿಗೆ ಹಾಕಿಡುತ್ತಾರೆ.