ಎಂ87 ಗೆಲಾಕ್ಸಿಯ ಕ್ಷ-ಕಿರಣ ಉತ್ಸರ್ಜನೆ

ಎಂ87 (ಮೆಸಿಯೆ 87) ಕನ್ಯಾ ರಾಶಿಯಲ್ಲಿರುವ ಒಂದು ದೈತ್ಯ ಸಕ್ರಿಯ ಗೆಲಾಕ್ಸಿ. ಭೂಮಿಯಿಂದ ಇದರ ದೂರ ಸುಮಾರು 5.4 ಕೋಟಿ ಜ್ಯೋತಿರ್ವರ್ಷಗಳು. ಇದರ ಕೇಂದ್ರದಲ್ಲಿ ಸೂರ್ಯನ ಸುಮಾರು 650 ಕೋಟಿ ಪಟ್ಟು ದ್ರವ್ಯರಾಶಿಯುಳ್ಳ ಕಪ್ಪುಕುಳಿಯಿದೆ. ಕಪ್ಪುಕುಳಿಯ ಸಮೀಪದಿಂದ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಚಿಮ್ಮುವ ಪ್ಲಾಸ್ಮಾದ ಕಿರಿದಾದ ಧಾರೆಯನ್ನು ಜೆಟ್ ಎನ್ನುತ್ತಾರೆ. ಗೆಲಾಕ್ಸಿಯ ಕೇಂದ್ರ, ಜೆಟ್ ಹಾಗೂ ಸುತ್ತಲಿನ ಬಿಸಿ ಅನಿಲ ಈ ಮೂರೂ ಕ್ಷ-ಕಿರಣಗಳನ್ನು ಹೊರಸೂಸುತ್ತವೆ.

ವೀಕ್ಷಣೆಯ ಇತಿಹಾಸ

1918ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದ ಹೀಬರ್ ಕರ್ಟಿಸ್ ಈ ಜೆಟ್ಟನ್ನು ನೇರವಾದ ಗೆರೆಯ ರೂಪದಲ್ಲಿ ಮೊದಲು ಗುರುತಿಸಿದರು. ಭೂಮಿಯ ವಾತಾವರಣವು ಕ್ಷ-ಕಿರಣಗಳನ್ನು ಹೀರಿಕೊಳ್ಳುವುದರಿಂದ ಅವುಗಳ ಅಧ್ಯಯನ ರಾಕೆಟ್ ಮತ್ತು ಉಪಗ್ರಹಗಳ ಕಾಲದವರೆಗೆ ಕಾಯಬೇಕಾಯಿತು. 1999ರಲ್ಲಿ ಉಡಾವಣೆಯಾದ ಚಂದ್ರಾ ದೂರದರ್ಶಕವು ಜೆಟ್‌ನೊಳಗಿನ ಪ್ರಕಾಶಮಾನ ಗಂಟುಗಳನ್ನು ಕ್ಷ-ಕಿರಣಗಳಲ್ಲಿ ಬೇರೆಬೇರೆಯಾಗಿ ತೋರಿಸಿತು.

ಉತ್ಸರ್ಜನೆಯ ಕಾರಣ

ಕಾಂತಕ್ಷೇತ್ರದಲ್ಲಿ ಅತಿವೇಗದ ಎಲೆಕ್ಟ್ರಾನುಗಳು ಸುತ್ತುತ್ತ ಸಾಗುವಾಗ ಸಿಂಕ್ರೊಟ್ರಾನ್ ವಿಕಿರಣ ಹೊರಬೀಳುತ್ತದೆ. ಎಂ87 ಜೆಟ್‌ನ ಕ್ಷ-ಕಿರಣಗಳು ಮುಖ್ಯವಾಗಿ ಈ ಬಗೆಯವು. ಅವುಗಳನ್ನು ಸೂಸುವ ಎಲೆಕ್ಟ್ರಾನುಗಳು ಕೆಲವೇ ವರ್ಷಗಳಿಂದ ಕೆಲವು ದಶಕಗಳೊಳಗೆ ತಮ್ಮ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಜೆಟ್ ಆದರೋ ಸಾವಿರಾರು ಜ್ಯೋತಿರ್ವರ್ಷ ಉದ್ದವಿದೆ. ಆದ್ದರಿಂದ ಕೇಂದ್ರದಲ್ಲಿ ಪಡೆದ ಶಕ್ತಿಯಿಂದಲೇ ಅವು ತುದಿಯವರೆಗೆ ಹೊಳೆಯುತ್ತ ಸಾಗಲಾರವು. ದಾರಿಯುದ್ದಕ್ಕೂ ಮತ್ತೆ ಮತ್ತೆ ವೇಗವರ್ಧನೆಗೆ ಒಳಗಾಗಲೇಬೇಕು. ಈ ವೇಗವರ್ಧನೆ ಆಘಾತ ತರಂಗಗಳಿಂದ ನಡೆಯುತ್ತದೆಯೇ, ಕಾಂತಕ್ಷೇತ್ರದ ಮರುಜೋಡಣೆಯಿಂದಲೇ ಎಂಬುದು ಇನ್ನೂ ಚರ್ಚೆಯಲ್ಲಿದೆ. ಎಚ್‌ಎಸ್‌ಟಿ-1 ಎಂಬ ಗಂಟು 2000 ಮತ್ತು 2005ರ ನಡುವೆ ಕ್ಷ-ಕಿರಣಗಳಲ್ಲಿ ಸುಮಾರು 50 ಪಟ್ಟು ಪ್ರಕಾಶಮಾನವಾಗಿ, ಕೇಂದ್ರವನ್ನೂ ಮೀರಿಸಿತು.

ಗೆಲಾಕ್ಸಿಯ ಸುತ್ತಲಿನ ಅನಿಲದ ಉಷ್ಣತೆ ಕೋಟಿ ಡಿಗ್ರಿಗೂ ಹೆಚ್ಚು. ಜೆಟ್‌ನ ಶಕ್ತಿ ಈ ಅನಿಲದಲ್ಲಿ ಪೊಳ್ಳುಗಳನ್ನು ಉಂಟುಮಾಡುತ್ತದೆ. ಅನಿಲ ತಣಿದು ಹೊಸ ನಕ್ಷತ್ರಗಳಾಗುವುದನ್ನು ತಡೆಯುತ್ತದೆ.

ಕರ್ನಾಟಕದಿಂದ ವೀಕ್ಷಣೆ

ಎಂ87 ಖಗೋಳದ ವಿಷುವದ್ವೃತ್ತದಿಂದ ಸುಮಾರು 12.4 ಡಿಗ್ರಿ ಉತ್ತರಕ್ಕಿದೆ. ಮಂಡ್ಯ, ಮದ್ದೂರು ಮತ್ತು ಮಳವಳ್ಳಿಗಳ ಅಕ್ಷಾಂಶವೂ 12.4ರಿಂದ 12.6 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ, ಈ ಊರುಗಳಲ್ಲಿ ಅದು ಬಹುತೇಕ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಏಪ್ರಿಲ್ ಆರಂಭದಲ್ಲಿ ನಡುರಾತ್ರಿಯ ಸುಮಾರಿಗೆ ಅಲ್ಲಿರುತ್ತದೆ. ಬರಿಗಣ್ಣಿಗೆ ಕಾಣದು; ಸಣ್ಣ ದೂರದರ್ಶಕದಲ್ಲಿ ಮಸುಕಾದ ಚುಕ್ಕೆಯಂತೆ ತೋರುತ್ತದೆ.

ಕ್ಷ-ಕಿರಣ ಖಗೋಳವಿಜ್ಞಾನದಲ್ಲಿ ಬೆಂಗಳೂರಿನ ಸಂಸ್ಥೆಗಳ ಪಾತ್ರ ಗಣನೀಯವಾದುದು. ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹವು 2015ರ ಸೆಪ್ಟೆಂಬರ್ 28ರಂದು ಉಡಾವಣೆಯಾಯಿತು. 2024ರ ಜನವರಿ 1ರಂದು ಕಕ್ಷೆ ಸೇರಿದ ಎಕ್ಸ್‌ಪೋಸ್ಯಾಟ್‌ನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯು ರೂಪಿಸಿದ ಪೋಲಿಕ್ಸ್ ಉಪಕರಣವಿದೆ. ಇದು ಕ್ಷ-ಕಿರಣಗಳ ಧ್ರುವೀಕರಣವನ್ನು ಅಳೆಯುತ್ತದೆ. ಆಕರದಲ್ಲಿನ ಕಾಂತಕ್ಷೇತ್ರದ ವಿನ್ಯಾಸವನ್ನು ಧ್ರುವೀಕರಣವು ಸೂಚಿಸುವುದರಿಂದ, ಜೆಟ್‌ಗಳಲ್ಲಿ ಕಣಗಳ ವೇಗವರ್ಧನೆಯನ್ನು ಅರಿಯಲು ಇಂಥ ಮಾಪನಗಳು ಮುಖ್ಯವಾಗಿವೆ.